ಕೆಂಪು ಮುಚ್ಚಳದ ಸಿರಿಂಜು, ನೈಟ್ ಡ್ಯೂಟಿ, ಮೊದಲ ಸಂಬಳ: ಹೊಸ ನರ್ಸ್‌ಗಳ ಮೊದಲ ವರ್ಷ ಹೇಗಿರತ್ತೆ?

(ಈ ವಾರದ ಸಂಚಿಕೆಯ ಬರಹ ರೂಪ. ಕೇಳಬೇಕು ಅನ್ನೋರು ಮೇಲಿನ ಪ್ಲೇ ಬಟನ್ ಒತ್ತಿ.)

ಬಸ್ಸಲ್ಲಿ ಕೂತು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ನೈಟ್ ಡ್ಯೂಟಿ ಮುಗಿಸಿ ಹಾಸ್ಟೆಲ್‌ಗೆ ನಡ್ಕೊಂಡು ಹೋಗ್ತಾ ಕೇಳ್ತಿರೋರು, ಎಲ್ರಿಗೂ ಸ್ವಾಗತ. ಇವತ್ತಿನ ಸಂಚಿಕೆ ಮುಖ್ಯವಾಗಿ ಆ ಮೂರನೇ ಗುಂಪಿನವರದ್ದು.

ಎರಡು ವರ್ಷದ ಹಿಂದಿನ ಮಾತು. ರಾತ್ರಿ 2:40ಕ್ಕೆ ನನ್ನ ಫೋನ್ ರಿಂಗ್ ಆಯ್ತು. ಆ ಹೊತ್ತಲ್ಲಿ ಫೋನ್ ಬಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನತ್ತೆ ಅಲ್ವಾ? ನೋಡಿದ್ರೆ ನನ್ನ ಚಿಕ್ಕಮ್ಮನ ಮಗಳು. ಹಾವೇರಿ ಕಡೆಯ ಹುಡುಗಿ, ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ಮೂರು ವಾರ ಆಗಿತ್ತು. ಅಳ್ತಾ ಇದ್ಲು. "ಅಕ್ಕಾ, ನನ್ ಕೈಲೆ ಆಗಂಗಿಲ್ಲ. ನಾ ಊರಿಗೆ ಬಂದ್ಬಿಡ್ತೀನಿ. ನಾ ಇವತ್ತ ಒಬ್ರನ್ನ ಸಾಯಿಸಿಬಿಡ್ತಿದ್ದೆ" ಅಂದ್ಲು.

ಏನಾಯ್ತು ಅಂತ ಮುಂದೆ ಹೇಳ್ತೀನಿ. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಆಸ್ಪತ್ರೆ ಹೆಸರು ಬೇಡ ಅಂದಿದ್ದಾಳೆ. ನಾನು ಓದಿದ್ದು ಬಿಕಾಂ. ಇಂಜೆಕ್ಷನ್ ನೋಡಿದ್ರೆ ಮುಖ ತಿರುಗಿಸೋ ಪಾರ್ಟಿ. ಆದ್ರೆ ಆ ಫೋನ್ ಆದ್ಮೇಲೆ ಅವಳ ಹತ್ರ, ಅವಳ ಸ್ನೇಹಿತೆಯರ ಹತ್ರ, ರಿಟೈರ್ ಆದ ಒಬ್ಬ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಕೂತು ಕೇಳಿ ತಿಳ್ಕೊಂಡೆ. ಓದಿ ಪಾಸಾದ, ರಿಜಿಸ್ಟ್ರೇಷನ್ ಆದ, ಬುದ್ಧಿವಂತ ಹುಡುಗಿ ಮೂರೇ ವಾರಕ್ಕೆ "ಆಗಲ್ಲ" ಅಂದಿದ್ದು ಯಾಕೆ? ಇವತ್ತು ಅದನ್ನ ಬಿಡಿಸಿ ನೋಡೋಣ.

ಕಾಲೇಜೇ ಬೇರೆ, ವಾರ್ಡೇ ಬೇರೆ

ಮೊದಲು ಬೇಸಿಕ್ಸ್. ನಮ್ಮಲ್ಲಿ ನರ್ಸ್ ಆಗೋಕೆ ಮುಖ್ಯವಾಗಿ ಎರಡು ದಾರಿ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ, ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಆಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ. ಅದಾದ ಮೇಲಷ್ಟೇ ಕೆಲಸ.

ಕಾಲೇಜಲ್ಲಿ ಇರೋವಾಗಲೂ ಆಸ್ಪತ್ರೆಗೆ ಪೋಸ್ಟಿಂಗ್ ಹಾಕ್ತಾರೆ. ಆದ್ರೆ ಆಗ ನಿಮ್ಮ ಹಿಂದೆ ಮೇಡಂ ನಿಂತಿರ್ತಾರೆ. ಒಬ್ಬ ರೋಗಿಯನ್ನ ತಗೊಂಡು, ಅವರ ಕೇಸ್ ಸ್ಟಡಿ ಬರೆದು, ಹಾಸಿಗೆಯ ಚಾದರ ಮೂಲೆ ಸರಿಯಾಗಿ ಮಡಚಿದ್ದೀರಾ ಅಂತ ನೋಡೋವಷ್ಟು ಪುರುಸೊತ್ತು ಇರತ್ತೆ. ಕೆಲಸಕ್ಕೆ ಸೇರಿದ ದಿನ ಅದೇ ಹುಡುಗಿ ಕೈಗೆ ಅರ್ಧ ವಾರ್ಡ್ ಬರತ್ತೆ. ಒಂದು ಕಡೆ ಡ್ರಿಪ್ ಮುಗೀತಿದೆ, ಇನ್ನೊಂದು ಕಡೆ ಡಿಸ್ಚಾರ್ಜ್ ಫೈಲ್‌ಗೆ ಅವಸರ, ಮತ್ತೊಂದು ಕಡೆ ಓಟಿಯಿಂದ ಪೇಷೆಂಟ್ ವಾಪಸ್ ಬಂದಿದ್ದಾರೆ, ನಡುವೆ ಫೋನ್ ಹೊಡ್ಕೋತಿದೆ. ಯಾವುದನ್ನ ಮೊದಲು ಮಾಡಬೇಕು? ಪರೀಕ್ಷೆಯಲ್ಲಿ ಬರೋ ಪ್ರಶ್ನೆ ಅಲ್ಲ ಇದು.

ಈ ಹೊಡೆತಕ್ಕೆ ಒಂದು ಹೆಸರಿದೆ: "ರಿಯಾಲಿಟಿ ಶಾಕ್". ಮಾರ್ಲೀನ್ ಕ್ರೇಮರ್ ಅನ್ನೋ ಅಮೆರಿಕದ ನರ್ಸಿಂಗ್ ಸಂಶೋಧಕಿ 1974ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ್ರು. ನರ್ಸ್‌ಗಳು ಕೆಲಸ ಬಿಟ್ಟು ಹೋಗೋದು ಯಾಕೆ ಅನ್ನೋದೇ ಅದರ ವಿಷಯ. ಅವರು ಗುರುತಿಸಿದ ಹಂತಗಳು ನಾಲ್ಕು. ಮೊದಲು ಹನಿಮೂನ್: ಹೊಸ ಯೂನಿಫಾರ್ಮ್, ಹೊಸ ಐಡಿ ಕಾರ್ಡ್, ಎಲ್ಲಾ ಚೆಂದ. ಆಮೇಲೆ ಶಾಕ್. ಆಮೇಲೆ ನಿಧಾನಕ್ಕೆ ಚೇತರಿಕೆ. ಕೊನೆಗೆ ತನ್ನದೇ ಒಂದು ದಾರಿ ಕಂಡ್ಕೊಳ್ಳೋದು. ನನ್ನ ತಂಗಿಯ ಹನಿಮೂನ್ ಮೂರೇ ವಾರಕ್ಕೆ ಮುಗಿದಿತ್ತು.

ಇನ್ನೊಬ್ಬರು ಪ್ಯಾಟ್ರೀಶಿಯಾ ಬೆನ್ನರ್. 1984ರಲ್ಲಿ ಬಂದ ಅವರ ಪುಸ್ತಕದಲ್ಲಿ, ನರ್ಸ್ ಒಬ್ಬರು ಕಲಿಯುವವರಿಂದ ಪರಿಣತರಾಗೋಕೆ ಐದು ಮೆಟ್ಟಿಲು ಇವೆ ಅಂತಾರೆ. ಈಗಷ್ಟೇ ಪಾಸಾಗಿ ಬಂದವರು ಇರೋದು ಎರಡನೇ ಮೆಟ್ಟಿಲಲ್ಲಿ. ಮೂರನೇ ಮೆಟ್ಟಿಲು, ಅಂದ್ರೆ "ಈ ಕೆಲಸ ನಂಗೆ ಬರತ್ತೆ" ಅನ್ನೋ ಹಂತ, ಬರೋದು ಒಂದೇ ಥರದ ವಾರ್ಡ್‌ನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ. ಹಾಗಾಗಿ ಮೂರನೇ ವಾರದಲ್ಲಿ "ನಂಗೆ ಬರಲ್ಲ" ಅನ್ನಿಸಿದ್ರೆ ಅದು ನಿಮ್ಮ ದಡ್ಡತನ ಅಲ್ಲ. ಆ ಮೆಟ್ಟಿಲು ಇನ್ನೂ ಬಂದಿಲ್ಲ, ಅಷ್ಟೇ.

ಒಂದು ಸಣ್ಣ ಲೆಕ್ಕ

ಬಿಕಾಂ ಬುದ್ಧಿ ಎಲ್ಲಿ ಹೋಗತ್ತೆ, ಲೆಕ್ಕಕ್ಕೆ ಬರೋಣ.

ನಮ್ಮ ಬಹಳಷ್ಟು ಆಸ್ಪತ್ರೆಗಳಲ್ಲಿ ಶಿಫ್ಟ್ ಹೀಗಿರತ್ತೆ: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ರಾತ್ರಿದು 12 ಗಂಟೆ. ಆ ರಾತ್ರಿ ನನ್ನ ತಂಗಿಯ ವಾರ್ಡ್‌ನಲ್ಲಿ ಇದ್ದಿದ್ದು 28 ಪೇಷೆಂಟ್. ಜೊತೆಗೆ ಬರಬೇಕಿದ್ದ ಸೀನಿಯರ್ ರಜೆ. ಒಬ್ಬಳೇ.

12 ಗಂಟೆ ಅಂದ್ರೆ 720 ನಿಮಿಷ. ಅದನ್ನ 28ರಿಂದ ಭಾಗಿಸಿ. ಒಬ್ಬರಿಗೆ 26 ನಿಮಿಷ ಕೂಡ ಸಿಗಲ್ಲ, ಅದೂ ಇಡೀ ರಾತ್ರಿಗೆ. ಅದರಲ್ಲೇ ಬಿಪಿ, ಪಲ್ಸ್, ಜ್ವರ ನೋಡಬೇಕು, ಮಾತ್ರೆ ಇಂಜೆಕ್ಷನ್ ಕೊಡಬೇಕು, ಡ್ರಿಪ್ ಬದಲಿಸಬೇಕು, ಯೂರಿನ್ ಬ್ಯಾಗ್ ಅಳತೆ ಬರೀಬೇಕು, ಮಗ್ಗುಲು ಹೊರಳಿಸಬೇಕು, ಮಾಡಿದ್ದೆಲ್ಲಾ ಫೈಲ್‌ಗೆ ಏರಿಸಬೇಕು. ಊಟ, ಬಾತ್‌ರೂಮ್ ಲೆಕ್ಕಕ್ಕೇ ಇಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಏನು ಹೇಳತ್ತೆ ಗೊತ್ತಾ? ಸಾಮಾನ್ಯ ವಾರ್ಡ್‌ನಲ್ಲಿ, ಬೋಧನಾ ಆಸ್ಪತ್ರೆ ಆದ್ರೆ ಮೂರು ಬೆಡ್‌ಗೆ ಒಬ್ಬ ನರ್ಸ್, ಉಳಿದ ಕಡೆ ಐದು ಬೆಡ್‌ಗೆ ಒಬ್ಬರು, ಐಸಿಯುನಲ್ಲಿ ಒಂದು ಬೆಡ್‌ಗೆ ಒಬ್ಬರು. ರಜೆ ಹಾಕೋರ ಜಾಗ ತುಂಬೋಕೆ ಇನ್ನೂ 30% ಜನ ಹೆಚ್ಚುವರಿ ಇರಬೇಕು. ಕಾಗದದ ಐದಕ್ಕೂ ಆ ರಾತ್ರಿಯ 28ಕ್ಕೂ ನಡುವೆ ಇರೋ ಜಾಗ ಇದೆಯಲ್ಲ, ಹೊಸ ನರ್ಸ್‌ಗಳ ಕಣ್ಣೀರು ಬಹುಪಾಲು ಅಲ್ಲಿಂದಲೇ ಬರೋದು. "ನಾನು ಸ್ಲೋ" ಅಂತ ಅವರು ತಮ್ಮನ್ನೇ ಬೈಕೋತಾರೆ. ಲೆಕ್ಕ ಮಾಡಿದ್ರೆ ಗೊತ್ತಾಗತ್ತೆ, ಯಾರು ಮಾಡಿದ್ರೂ ಅದು ಮುಗಿಯೋ ಕೆಲಸ ಅಲ್ಲ.

ಆ ರಾತ್ರಿ ಆಗಿದ್ದೇನು?

ಡಾಕ್ಟರ್ ಫೈಲ್‌ನಲ್ಲಿ ಬರೆಯೋ ಭಾಷೆನೇ ಬೇರೆ. ಬಿಡಿ ಅಂದ್ರೆ ದಿನಕ್ಕೆ ಎರಡು ಸಲ. ಎಚ್‌ಎಸ್ ಅಂದ್ರೆ ಮಲಗೋ ಹೊತ್ತಿಗೆ. ಎಸ್‌ಒಎಸ್ ಅಂದ್ರೆ ಅಗತ್ಯ ಬಿದ್ರೆ ಮಾತ್ರ. ಸ್ಟಾಟ್ ಅಂದ್ರೆ ಈಗಿಂದೀಗಲೇ. ಟಿಡಿಎಸ್ ಅಂದ್ರೆ ನನಗೆ ಬ್ಯಾಂಕ್ ಕಟ್ ಮಾಡ್ಕೊಳ್ಳೋ ಟ್ಯಾಕ್ಸ್, ನನ್ನ ತಂಗಿಗೆ ದಿನಕ್ಕೆ ಮೂರು ಸಲ ಕೊಡೋ ಮಾತ್ರೆ! ನಗು ಬರತ್ತೆ, ಆದ್ರೆ ಗಡಿಬಿಡಿಯ ಕೈಬರಹದಲ್ಲಿ ಇದು ನಗೋ ವಿಷಯ ಅಲ್ಲ. ಯೂನಿಟ್ ಅನ್ನೋದಕ್ಕೆ ಬರೀ ಇಂಗ್ಲಿಷಿನ ಯು ಅಕ್ಷರ ಬರೆದ್ರೆ, ಅದು ಸೊನ್ನೆ ಥರ ಕಂಡು 10 ಯೂನಿಟ್ ಇದ್ದಿದ್ದು 100 ಆಗಿಬಿಡಬಹುದು. ಅದಕ್ಕೇ "ಯೂನಿಟ್" ಅಂತ ಪೂರ್ತಿ ಬರೀಬೇಕು ಅನ್ನೋ ನಿಯಮ ಇರೋದು.

ಈಗ ಇನ್ಸುಲಿನ್ ಕಥೆ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟ್ಲಿ ಎರಡು ಥರ ಸಿಗತ್ತೆ. ಒಂದರಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಎರಡಕ್ಕೂ ಬೇರೆ ಬೇರೆ ಸಿರಿಂಜು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ನನ್ನ ತಂಗಿಯ ವಾರ್ಡ್‌ನಲ್ಲಿ ಯಾವಾಗಲೂ ಇದ್ದಿದ್ದು 40ರ ಬಾಟ್ಲಿ, ಕೆಂಪು ಮುಚ್ಚಳದ ಸಿರಿಂಜು. ಆ ರಾತ್ರಿ ಒಬ್ಬ ಪೇಷೆಂಟ್ ಕಡೆಯವರು ಹೊರಗಿನ ಮೆಡಿಕಲ್ ಶಾಪಿಂದ ಇನ್ಸುಲಿನ್ ತಂದುಕೊಟ್ರು. ಅದು 100ರದ್ದು. ಕೊಡಬೇಕಿದ್ದಿದ್ದು 10 ಯೂನಿಟ್. ಅವಳು ಅಭ್ಯಾಸದಂತೆ ಟ್ರೇನಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜು ತಗೊಂಡು 10ರ ಗೆರೆಗೆ ಎಳೆದ್ಲು.

ಲೆಕ್ಕ ಮಾಡಿ. ಕೆಂಪು ಸಿರಿಂಜಿನ 10ರ ಗೆರೆ ಅಂದ್ರೆ ಕಾಲು ಎಂಎಲ್. 100ರ ಬಾಟ್ಲಿಯಿಂದ ಕಾಲು ಎಂಎಲ್ ಎಳೆದ್ರೆ ಬರೋದು 25 ಯೂನಿಟ್. ಎರಡೂವರೆ ಪಟ್ಟು ಜಾಸ್ತಿ. ಸಕ್ಕರೆ ದಿಢೀರ್ ಇಳಿದ್ರೆ ಬೆವರು, ನಡುಕ, ಗೊಂದಲ, ಆಮೇಲೆ ಪ್ರಜ್ಞೆ ತಪ್ಪೋದು. ಹಗಲಾಗಿದ್ರೆ ಯಾರಾದ್ರೂ ಗಮನಿಸ್ತಾರೆ. ರಾತ್ರಿ ನಿದ್ದೇಲಿ ಇರೋರನ್ನ ನೋಡಿ, ಪಾಪ ಮಲಗಿದ್ದಾರೆ ಅಂತ ಮುಂದೆ ಹೋಗ್ತೀವಿ.

ಉಳಿಸಿದ್ದು ಯಾರು? ಪಕ್ಕದ ವಾರ್ಡಿನ ಸೀನಿಯರ್ ಸಿಸ್ಟರ್. ಇನ್ಸುಲಿನ್ ಕೊಡೋ ಮೊದಲು ಇನ್ನೊಬ್ಬರಿಗೆ ತೋರಿಸಬೇಕು ಅನ್ನೋ ನಿಯಮ ಇತ್ತು. ಇವಳು ಸಿರಿಂಜು ಮಾತ್ರ ಹಿಡ್ಕೊಂಡು ಹೋಗಿದ್ಲು. ಆ ಸಿಸ್ಟರ್ "ಬಾಟ್ಲಿ ಎಲ್ಲಿ? ಬಾಟ್ಲಿ ತಗೊಂಡು ಬಾ" ಅಂದ್ರು. ಅಷ್ಟೇ. ಆ ಎರಡು ಮಾತು ಇಲ್ಲದಿದ್ರೆ ಇವತ್ತಿನ ಸಂಚಿಕೆ ಬೇರೆ ಥರ ಇರ್ತಿತ್ತು.

ನರ್ಸಿಂಗ್‌ನಲ್ಲಿ "ಐದು ಸರಿ" ಅಂತ ಕಲಿಸ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಥರದ ಅಪಾಯಕಾರಿ ಔಷಧಗಳಿಗೆ ಇಷ್ಟೇ ಸಾಲದು, ಎರಡನೇ ಜೋಡಿ ಕಣ್ಣು ಬೇಕೇ ಬೇಕು. ಉದಾಹರಣೆಗೆ ಪೊಟ್ಯಾಸಿಯಂ ಕ್ಲೋರೈಡನ್ನ ಡ್ರಿಪ್‌ಗೆ ಬೆರೆಸಿ ನಿಧಾನಕ್ಕೇ ಕೊಡಬೇಕು. ಬೆರೆಸದೆ ನೇರ ನರಕ್ಕೆ ಕೊಟ್ರೆ ಹೃದಯ ನಿಂತೇ ಹೋಗಬಹುದು. ಹೊಸಬರಿಗೆ ನನ್ನ ತಂಗಿ ಹೇಳೋದು ಒಂದೇ: ಯಾರೋ ಎಳೆದಿಟ್ಟ, ಲೇಬಲ್ ಇಲ್ಲದ ಸಿರಿಂಜನ್ನ ಮುಟ್ಟಬೇಡಿ. ಬೇರೆಯವರಿಗೆ ತೋರಿಸೋವಾಗ ಬಾಟ್ಲಿ, ಸಿರಿಂಜು, ಫೈಲ್ ಮೂರನ್ನೂ ತೋರಿಸಿ.

ಇನ್ನೊಂದು ಮಾತು. ಹೀಗೆ ತಪ್ಪಿ ಹೋದ ತಪ್ಪನ್ನೂ ವರದಿ ಮಾಡಬೇಕು. ಅದಕ್ಕೆ ಇನ್ಸಿಡೆಂಟ್ ಫಾರ್ಮ್ ಇರತ್ತೆ. ಹೊಸಬರು ಬೈಸ್ಕೋತೀವಿ ಅಂತ ಬರೆಯಲ್ಲ. ಬರೆಯದಿದ್ರೆ ನಾಳೆ ಅದೇ ಟ್ರೇ, ಅದೇ ಕೆಂಪು ಸಿರಿಂಜು, ಇನ್ನೊಬ್ಬ ಹೊಸ ಹುಡುಗಿ.

ರಾತ್ರಿ ಡಾಕ್ಟರ್‌ಗೆ ಫೋನ್ ಮಾಡೋ ಭಯ

ನಾನು ಮಾತಾಡಿಸಿದ ಹೊಸ ನರ್ಸ್‌ಗಳೆಲ್ಲಾ ಹೇಳಿದ ಒಂದು ಕಾಮನ್ ಭಯ ಇದು. ಪೇಷೆಂಟ್ ಸ್ಥಿತಿ ಯಾಕೋ ಸರಿ ಕಾಣ್ತಿಲ್ಲ. ಡಾಕ್ಟರ್ ಮಲಗಿರ್ತಾರೆ. ಎಬ್ಬಿಸಿದ್ರೆ ಬೈತಾರೆ, ಎಬ್ಬಿಸದಿದ್ರೆ ಪೇಷೆಂಟ್‌ಗೆ ಏನಾದ್ರೂ ಆಗತ್ತೆ.

ಫೋನ್ ಮಾಡಿ ಹೀಗಂತಾರೆ: "ಸರ್, 12ನೇ ಬೆಡ್ ಪೇಷೆಂಟ್ ಯಾಕೋ ಸರಿಯಿಲ್ಲ ಸರ್." ಆ ಕಡೆಯಿಂದ: "ಸರಿಯಿಲ್ಲ ಅಂದ್ರೆ ಏನಮ್ಮಾ? ಬಿಪಿ ಎಷ್ಟು?" "ನೋಡಿ ಹೇಳ್ತೀನಿ ಸರ್." ಮುಗೀತು, ಬೈಗುಳ ಗ್ಯಾರಂಟಿ.

ಇದಕ್ಕೊಂದು ಒಳ್ಳೆ ಪದ್ಧತಿ ಇದೆ, ಎಸ್‌ಬಾರ್ ಅಂತ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸ್ತಿದ್ದ ರೀತಿ, ಆಮೇಲೆ ಆಸ್ಪತ್ರೆಗಳಿಗೆ ಬಂತು. ನಾಲ್ಕು ಭಾಗ: ಈಗ ಏನಾಗ್ತಿದೆ, ಹಿನ್ನೆಲೆ ಏನು, ನನಗೇನು ಅನ್ನಿಸ್ತಿದೆ, ನಿಮ್ಮಿಂದ ಏನು ಬೇಕು. ಅದೇ ಫೋನ್ ಈಗ ಕೇಳಿ:

"ಸರ್, ಸರ್ಜಿಕಲ್ ವಾರ್ಡಿಂದ ಸ್ಟಾಫ್ ನರ್ಸ್ ಮಾತಾಡ್ತಿದ್ದೀನಿ. 12ನೇ ಬೆಡ್ ಪೇಷೆಂಟ್ ಬಿಪಿ 90/60ಕ್ಕೆ ಇಳಿದಿದೆ, ಪಲ್ಸ್ 124. 54 ವರ್ಷ, ಇವತ್ತು ಮಧ್ಯಾಹ್ನ ಹೊಟ್ಟೆ ಆಪರೇಷನ್ ಆಗಿದೆ, ಸಂಜೆ ಬಿಪಿ 130/80 ಇತ್ತು. ಡ್ರೈನ್‌ನಲ್ಲಿ ಒಂದು ಗಂಟೇಲಿ 200 ಎಂಎಲ್ ರಕ್ತ ಬಂದಿದೆ. ಒಳಗೆ ಬ್ಲೀಡಿಂಗ್ ಇರಬಹುದು ಅನ್ನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ನಾನೇನು ಶುರು ಮಾಡಲಿ?"

ಅರ್ಧ ನಿಮಿಷದ ಮಾತು. ಯಾವ ಡಾಕ್ಟರ್ ಆದ್ರೂ ಹಾಸಿಗೆ ಬಿಟ್ಟು ಏಳ್ತಾರೆ. ಫೋನಲ್ಲಿ ಔಷಧ ಹೇಳಿದ್ರೆ ಬರ್ಕೊಂಡು, ಅವರಿಗೇ ತಿರುಗಿ ಓದಿ ಹೇಳಿ, ಟೈಮ್ ಹಾಕಿ, ಬೆಳಿಗ್ಗೆ ಸಹಿ ಮಾಡಿಸ್ಕೊಳ್ಳಿ. ಈ ಕೊನೆಯ ಕೆಲಸ ಮರೆತು ಸಿಕ್ಕಿಹಾಕ್ಕೊಂಡೋರು ತುಂಬಾ ಜನ ಇದ್ದಾರೆ.

ಇಲ್ಲಿ ಭಾಷೆದೂ ಒಂದು ಕಷ್ಟ ಇದೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದೋರಿಗೆ ಇಂಗ್ಲಿಷಲ್ಲಿ ನೋಟ್ಸ್ ಬರೆಯೋದು, ಹ್ಯಾಂಡೋವರ್ ಕೊಡೋದು ಮೊದಮೊದಲು ಕಷ್ಟ. ಹೊರರಾಜ್ಯದಿಂದ ಬಂದ ನರ್ಸ್‌ಗಳಿಗೆ ಉಲ್ಟಾ, ಪೇಷೆಂಟ್ ಹೇಳೋದು ಅರ್ಥ ಆಗಲ್ಲ. ನಮ್ಮ ಕಡೆಯ ಅಜ್ಜಿ "ಎದಿ ಹಿಂಡಿದಂಗ ಆಗತೈತಿ, ಕಣ್ಣಿಗೆ ಕತ್ತಲಿ ಬಂದಂಗಾತು" ಅಂದ್ರೆ ಅದು ಸುಮ್ಮನೆ ಗೊಣಗಾಟ ಅಲ್ಲ, ಹೃದಯದ ತೊಂದರೆಯ ಸೂಚನೆ ಇರಬಹುದು. ಬೆಂಗಳೂರಿನ ಆ ವಾರ್ಡ್‌ನಲ್ಲಿ ನನ್ನ ತಂಗಿಗೆ ಮೊದಲು ಬೆಲೆ ಸಿಕ್ಕಿದ್ದೇ ಇದರಿಂದ. ಹುಬ್ಬಳ್ಳಿ, ಗದಗ ಕಡೆಯ ಪೇಷೆಂಟ್ ಬಂದ್ರೆ ಎಲ್ರೂ ಅವಳನ್ನೇ ಕರೀತಿದ್ರು.

ಸೂಜಿ ಚುಚ್ಚಿದ್ರೆ?

ಈ ಭಾಗ ಸೇವ್ ಮಾಡಿಟ್ಕೊಳ್ಳಿ. ಬಳಸಿದ ಸೂಜಿ ಕೈಗೆ ಚುಚ್ಚೋದು ಹೊಸಬರಿಗೆ ಆಗೋ ಸಾಮಾನ್ಯ ಅವಘಡ. ಅವಸರದಲ್ಲಿ ಸೂಜಿಗೆ ಮತ್ತೆ ಮುಚ್ಚಳ ಹಾಕೋಕೆ ಹೋಗಿ ಆಗತ್ತೆ. ಮುಚ್ಚಳ ಹಾಕಲೇಬೇಡಿ. ಸೂಜಿ ಹೋಗಬೇಕಾದ್ದು ತೂತಾಗದ ಬಿಳಿ ಡಬ್ಬಿಗೆ.

ಚುಚ್ಚಿತು ಅಂತಿಟ್ಕೊಳ್ಳಿ. ಸೋಪು ನೀರಲ್ಲಿ ತೊಳೀರಿ. ಹಿಂಡಬೇಡಿ, ಬಾಯಿಗೆ ಇಟ್ಕೋಬೇಡಿ. ತಕ್ಷಣ ಹೇಳಿ. ಎಚ್‌ಐವಿ ತಡೆಯೋ ಔಷಧ ಬೇಕಾದ್ರೆ ಎರಡು ಗಂಟೆ ಒಳಗೆ ಶುರು ಮಾಡೋದು ಒಳ್ಳೇದು, 72 ಗಂಟೆ ದಾಟಬಾರದು, 28 ದಿನ ತಗೋಬೇಕು. ಹೆದರಬೇಡಿ, ಸೋಂಕಿತರ ಸೂಜಿ ಚುಚ್ಚಿದಾಗಲೂ ಎಚ್‌ಐವಿ ಬರೋ ಸಾಧ್ಯತೆ ಸುಮಾರು 0.3% ಮಾತ್ರ. ಲಸಿಕೆ ಹಾಕಿಸ್ಕೊಳ್ಳದವರಿಗೆ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಜಾಸ್ತಿ ಅಪಾಯ, 30% ತನಕ ಹೋಗತ್ತೆ. ಅದಕ್ಕೆ ಮೂರು ಡೋಸ್ ಲಸಿಕೆ ಇದೆ: ಮೊದಲನೇದು, ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಕೆಲಸಕ್ಕೆ ಸೇರೋ ಮೊದಲೇ ಮುಗಿಸ್ಕೊಳ್ಳಿ.

ಬೈಗುಳ, ಹಲ್ಲೆ, ಮತ್ತೆ ಒಂದು ಹೆಸರು

ಬಿಲ್ ಜಾಸ್ತಿ ಆಯ್ತಾ? ಸಿಸ್ಟರ್‌ಗೆ ಬೈಗುಳ. ಡಾಕ್ಟರ್ ಬರೋದು ತಡ ಆಯ್ತಾ? ಸಿಸ್ಟರ್‌ಗೆ ಬೈಗುಳ. ಬಿಲ್ ಮಾಡಿದ್ದು ಅವಳಲ್ಲ, ತಡ ಮಾಡಿದ್ದೂ ಅವಳಲ್ಲ. ಆದ್ರೆ ಎದುರಿಗೆ ಕಾಣೋದು ಅವಳೇ. ಗಂಡು ನರ್ಸ್‌ಗಳ ಕಥೆ ಇನ್ನೊಂದು. ಎಲ್ರೂ "ಬ್ರದರ್" ಅಂತ ಕರೀತಾರೆ, ಆದ್ರೆ ಮದುವೆ ಮಾತುಕತೆಯಲ್ಲಿ "ಹುಡುಗ ನರ್ಸಾ?" ಅಂತ ಮುಖ ಮುರೀತಾರೆ.

ಈ ಮಾತು ಬಂದಾಗ ಒಂದು ಹೆಸರು ಹೇಳಲೇಬೇಕು: ಅರುಣಾ ಶಾನಭಾಗ್. ನಮ್ಮ ಉತ್ತರ ಕನ್ನಡದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸೋವಾಗ ಅಲ್ಲೇ ಕೆಲಸ ಮಾಡ್ತಿದ್ದ ಒಬ್ಬ ಅವರ ಮೇಲೆ ಎರಗಿದ. ಮೆದುಳಿಗೆ ಪೆಟ್ಟಾಗಿ, 2015ರ ಮೇ 18ಕ್ಕೆ ತೀರಿಕೊಳ್ಳೋ ತನಕ, ಸುಮಾರು 42 ವರ್ಷ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಅಷ್ಟೂ ವರ್ಷ ಅವರನ್ನ ನೋಡ್ಕೊಂಡಿದ್ದು ಆ ಆಸ್ಪತ್ರೆಯ ನರ್ಸ್‌ಗಳು. ಒಂದು ತಲೆಮಾರು ರಿಟೈರ್ ಆಗಿ ಇನ್ನೊಂದು ತಲೆಮಾರು ಬಂತು, ಸೇವೆ ನಿಲ್ಲಲಿಲ್ಲ. ಅವರ ಹೆಸರು ನಮಗೆಲ್ಲಾ ಗೊತ್ತಿರೋದು 2011ರ ದಯಾಮರಣದ ತೀರ್ಪಿನಿಂದ. ಅದಕ್ಕೂ ಮೊದಲು ಕೇಳಬೇಕಿದ್ದ ಪ್ರಶ್ನೆ ಸರಳ: ನರ್ಸ್‌ಗಳಿಗೆ ಬಟ್ಟೆ ಬದಲಿಸೋಕೆ ಒಂದು ಭದ್ರವಾದ ರೂಮ್ ಇತ್ತಾ? ನೀವು ಸೇರೋ ಆಸ್ಪತ್ರೆಯಲ್ಲೂ ಇದನ್ನೇ ಕೇಳಿ.

ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ 2009ರ ಒಂದು ಪ್ರತ್ಯೇಕ ಕಾನೂನು ಇದೆ. ಡಾಕ್ಟರ್‌ಗಳ ಜೊತೆ ನರ್ಸ್‌ಗಳು, ನರ್ಸಿಂಗ್ ವಿದ್ಯಾರ್ಥಿಗಳೂ ಅದರಲ್ಲಿ ಬರ್ತಾರೆ. ಲೈಂಗಿಕ ಕಿರುಕುಳದ ವಿಷಯಕ್ಕೆ 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರನ್ನ ಬರಹದಲ್ಲಿ, ಮೂರು ತಿಂಗಳ ಒಳಗೆ ಕೊಡಬೇಕು.

ಈಗ ನನ್ನ ಏರಿಯಾ: ಸಂಬಳದ ಚೀಟಿ

"ತಿಂಗಳಿಗೆ 18 ಸಾವಿರ" ಅಂತ ಸೇರಿದ ಹುಡುಗಿ ಕೈಗೆ ಬಂದಿದ್ದು 14,440 ರೂಪಾಯಿ. ಮೋಸ ಆಯ್ತು ಅಂತ ಅಳು. ಚೀಟಿ ಬಿಡಿಸಿ ನೋಡಿದೆ.

ಆ 18 ಸಾವಿರ ಸಿಟಿಸಿ, ಅಂದ್ರೆ ಆಸ್ಪತ್ರೆಗೆ ತಗಲೋ ಒಟ್ಟು ಖರ್ಚು. ನಿಮ್ಮ ಗ್ರಾಸ್ ಸಂಬಳ 16,000. ಅದರಲ್ಲಿ ಬೇಸಿಕ್ ಮತ್ತು ಡಿಎ 12,000. ಅದರ 12% ಪಿಎಫ್, ಅಂದ್ರೆ 1,440, ನಿಮ್ಮಿಂದ. ಅಷ್ಟೇ ಮೊತ್ತ ಆಸ್ಪತ್ರೆಯಿಂದ. ಇಎಸ್ಐಗೆ ನಿಮ್ಮಿಂದ 0.75%, ಅಂದ್ರೆ 120 ರೂಪಾಯಿ. ಆಸ್ಪತ್ರೆಯಿಂದ 3.25%, ಅಂದ್ರೆ 520. ಆಸ್ಪತ್ರೆ ಕಟ್ಟೋದು ಸೇರಿಸಿದ್ರೆ 17,960, ಅದನ್ನೇ 18 ಅಂದಿದ್ದು. ನಿಮ್ಮದು ಕಳೆದ್ರೆ 14,440. ಇದರಲ್ಲಿ ಹಾಸ್ಟೆಲ್, ಮೆಸ್ ಇನ್ನೂ ಹಿಡಿದಿಲ್ಲ.

ಈ ದುಡ್ಡು ನಿಮ್ಮದೇ. ಆದ್ರೆ ಅದು ನಿಜವಾಗಿ ಕಟ್ಟಿದ್ದಾರಾ ನೋಡಿ. ಯುಎಎನ್ ನಂಬರ್ ಕೇಳಿ, ಮೊಬೈಲಲ್ಲೇ ಪಿಎಫ್ ಪಾಸ್‌ಬುಕ್ ನೋಡಬಹುದು. ಇಎಸ್ಐ ನಂಬರ್ ಕೇಳಿ. ಸಂಬಳ 21,000ದ ಒಳಗಿರೋರಿಗೆ ಅದರಿಂದ ಚಿಕಿತ್ಸೆ, ಕಾಯಿಲೆ ರಜೆಯ ಭತ್ಯೆ, ಹೆರಿಗೆ ಸೌಲಭ್ಯ ಎಲ್ಲಾ ಇದೆ.

ಹಾಗಾದ್ರೆ ಎಷ್ಟು ಸಿಗಬೇಕು? 2016ರ ಜನವರಿ 29ರಂದು ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆ ನರ್ಸ್‌ಗಳ ಸ್ಥಿತಿ ನೋಡೋಕೆ ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸು ಹೀಗಿದೆ. 200ಕ್ಕಿಂತ ಹೆಚ್ಚು ಹಾಸಿಗೆ ಇದ್ರೆ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ. 100ಕ್ಕಿಂತ ಹೆಚ್ಚಿದ್ರೆ ಅದಕ್ಕಿಂತ 10% ಮಾತ್ರ ಕಡಿಮೆ ಇರಬಹುದು. 50ರಿಂದ 100 ಇದ್ರೆ 25%. 50ಕ್ಕಿಂತ ಕಡಿಮೆ ಇರೋ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು. ಆದ್ರೆ ಇದು ಶಿಫಾರಸು, ಜಾರಿ ಮಾಡಬೇಕಾದ್ದು ರಾಜ್ಯಗಳು. ಕೇರಳದಲ್ಲಿ 2017ರಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಮೇಲೇ ಅಲ್ಲಿ 20,000ದ ಮಾತು ಮುಂದೆ ಹೋಗಿದ್ದು. ಒಬ್ಬೊಬ್ಬರೇ ಅಳೋದಕ್ಕೂ, ಒಟ್ಟಿಗೆ ಕೇಳೋದಕ್ಕೂ ಇರೋ ವ್ಯತ್ಯಾಸ ಇದು.

ಇನ್ನು ಬಾಂಡ್. "ಒಂದು ವರ್ಷದ ಒಳಗೆ ಬಿಟ್ರೆ 50 ಸಾವಿರ ಕಟ್ಟಬೇಕು" ಅಂತ ನನ್ನ ತಂಗಿಯ ಹತ್ರ ಸಹಿ ಹಾಕಿಸ್ಕೊಂಡಿದ್ರು. ಬಿಕಾಂನಲ್ಲಿ ಬಿಸಿನೆಸ್ ಲಾ ಓದಿದೋರಿಗೆ ನೆನಪಿರಬಹುದು, 1872ರ ಗುತ್ತಿಗೆ ಕಾಯ್ದೆಯ 74ನೇ ಸೆಕ್ಷನ್. ಒಪ್ಪಂದದಲ್ಲಿ ದೊಡ್ಡ ಮೊತ್ತ ಬರೆದಿದ್ರೂ ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ. ಹಾಗಂತ ಓದದೆ ಸಹಿ ಹಾಕಬೇಡಿ. ಒರಿಜಿನಲ್ ಅಂಕಪಟ್ಟಿ, ನೋಂದಣಿ ಪತ್ರ ಯಾರ ಕೈಗೂ ಬಿಟ್ಟುಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತಗೊಳ್ಳಿ.

ಹಾಗಾದ್ರೆ ಏನು ಮಾಡಬಹುದು?

ಸೇರೋ ಮೊದಲು ಇಂಟರ್‌ವ್ಯೂನಲ್ಲೇ ನಾಲ್ಕು ಪ್ರಶ್ನೆ ಕೇಳಿ. ಒಂದು, ಎಷ್ಟು ದಿನ ಸೀನಿಯರ್ ಜೊತೆ ಹಾಕ್ತೀರಿ, ಒಬ್ಬರೇ ನೈಟ್ ಯಾವಾಗಿಂದ? ಎರಡು, ರಾತ್ರಿ ಒಬ್ಬರಿಗೆ ಎಷ್ಟು ಪೇಷೆಂಟ್? ಮೂರು, ಕೈಗೆ ಬರೋ ಸಂಬಳ ಎಷ್ಟು, ಪಿಎಫ್ ಇಎಸ್ಐ ಇದೆಯಾ? ನಾಲ್ಕು, ಹಾಸ್ಟೆಲ್ ಎಷ್ಟು ದೂರ, ರಾತ್ರಿ ಓಡಾಟಕ್ಕೆ ವ್ಯವಸ್ಥೆ ಏನು?

ಸೇರಿದ ಮೇಲೆ ಜೇಬಲ್ಲಿ ಒಂದು ಸಣ್ಣ ಪುಸ್ತಕ ಇರಲಿ. ಹ್ಯಾಂಡೋವರ್ ತಗೊಂಡ ಕೂಡಲೇ ಫೈಲ್ ಹಿಡ್ಕೊಂಡು ಕೂರಬೇಡಿ, ಒಂದು ಸುತ್ತು ಹಾಕಿ ಎಲ್ಲಾ ಪೇಷೆಂಟ್ ಮುಖ ನೋಡಿ ಬನ್ನಿ. ಯಾರು ಉಸಿರಾಡೋಕೆ ಕಷ್ಟಪಡ್ತಿದ್ದಾರೆ, ಯಾರು ಬೆವರ್ತಿದ್ದಾರೆ, ಅವರೇ ಮೊದಲು. ಗೊತ್ತಿಲ್ಲದಿದ್ರೆ "ಗೊತ್ತಿಲ್ಲ ಅಕ್ಕಾ, ತೋರಿಸಿ" ಅನ್ನಿ. ರಿಟೈರ್ ಆದ ಆ ಮೇಡಂ ನನಗೆ ಹೇಳಿದ್ರು, ಕೇಳೋ ಹುಡುಗಿಯರ ಬಗ್ಗೆ ಅವರಿಗೆ ಯಾವತ್ತೂ ಭಯ ಇರಲಿಲ್ವಂತೆ, ಭಯ ಇದ್ದಿದ್ದು ಕೇಳದೇ ಮಾಡೋರ ಬಗ್ಗೆ.

ನಿದ್ದೆ ಇಲ್ಲದೆ, ಮನಸ್ಸು ಕುಗ್ಗಿ, ಡ್ಯೂಟಿ ನೆನೆಸಿಕೊಂಡ್ರೇ ಕೈ ನಡುಗೋ ಹಂತಕ್ಕೆ ಬಂದಿದ್ರೆ ಟೆಲಿ ಮಾನಸ್ ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಕೆಲಸ ಬಿಡಬೇಕು ಅನ್ನಿಸಿದ್ರೆ ಬಿಡಿ, ಅದು ಸೋಲಲ್ಲ. ಆದ್ರೆ ಆ ನಿರ್ಧಾರ ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ ಬೇಡ, ನಿದ್ದೆ ಮಾಡಿ ಎದ್ದ ಮೇಲೆ ಮಾಡಿ.

ಇನ್ನು ನಾವು, ಪೇಷೆಂಟ್ ಕಡೆಯವರು. ಟ್ರೇ ಹಿಡ್ಕೊಂಡು ಔಷಧ ಅಳೀತಿರೋ ಸಿಸ್ಟರನ್ನ "ಡಾಕ್ಟರ್ ಎಷ್ಟೊತ್ತಿಗೆ ಬರ್ತಾರೆ?" ಅಂತ ಮಾತಿಗೆಳೀಬೇಡಿ, ಎರಡು ನಿಮಿಷ ಕಾಯಿರಿ. ಹೊರಗಿಂದ ಔಷಧ ತಂದ್ರೆ ಡಬ್ಬಿ ಸಮೇತ ಕೊಡಿ, "ಇದು ಹೊರಗಿಂದ ತಂದಿದ್ದು" ಅಂತ ಬಾಯಿಬಿಟ್ಟು ಹೇಳಿ. ಯಾವ ಔಷಧ ಆಗಿಬರಲ್ಲ ಅನ್ನೋದನ್ನ ಕೇಳೋ ಮೊದಲೇ ತಿಳಿಸಿ.

ಆ ರಾತ್ರಿ ನಾನು ನನ್ನ ತಂಗಿಗೆ ಏನು ಹೇಳಿದೆ? ಏನೂ ಹೇಳಲಿಲ್ಲ, ನಂಗೇನೂ ಗೊತ್ತಿರಲಿಲ್ಲ. ಬೆಳಿಗ್ಗೆ 8ರ ತನಕ ಆಗಾಗ ಮೆಸೇಜ್ ಮಾಡ್ತಾ ಎಚ್ಚರ ಇದ್ದೆ, ಅಷ್ಟೇ. ಅವಳು ಊರಿಗೆ ಹೋಗಲಿಲ್ಲ. ಬಾಟ್ಲಿ ಕೇಳಿದ ಆ ಸೀನಿಯರ್ ಮಾರನೇ ದಿನ ತಾವೇ ಹೋಗಿ ಹೇಳಿ, ಇವಳನ್ನ ಒಂದು ತಿಂಗಳು ತಮ್ಮ ಜೊತೆ ಹಾಕಿಸ್ಕೊಂಡ್ರು.

ಹೋದ ವಾರ ಮತ್ತೆ ಫೋನ್ ಮಾಡಿದ್ಲು. ಈ ಸಲ ಸಂಜೆ ಹೊತ್ತು. "ಅಕ್ಕಾ, ಇವತ್ತ ನಮ್ ವಾರ್ಡಿಗೆ ಹೊಸಾ ಹುಡುಗಿ ಬಂದಾಳ. ಮೊದಲ ಏನ್ ಕಲಿಸಿದೆ ಹೇಳು?" ಅಂದ್ಲು. ನಂಗೆ ಗೊತ್ತಿತ್ತು, ಆದ್ರೂ ಕೇಳಿದೆ. "ಕೆಂಪು ಮುಚ್ಚಳ, ಕಿತ್ತಳಿ ಮುಚ್ಚಳ ಎರಡೂ ಕೈಯಾಗ ಕೊಟ್ಟು, ಬಾಟ್ಲಿ ತಗೊಂಬಾ ಅಂದೆ."

ನೀವು ನರ್ಸ್ ಆಗಿದ್ರೆ, ನಿಮ್ಮ ಮೊದಲ ತಿಂಗಳ ಕಥೆಯನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಹೆಸರು, ಆಸ್ಪತ್ರೆ ಹೇಳೋದು ಬೇಡ. ಈ ವರ್ಷ ಕೋರ್ಸ್ ಮುಗಿಸೋ ತಂಗಿಯೋ ತಮ್ಮನೋ ನಿಮ್ಮನೇಲಿದ್ರೆ ಅವರಿಗೆ ಈ ಸಂಚಿಕೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ. ನೈಟ್ ಡ್ಯೂಟಿಲಿರೋರು, ಹುಷಾರು. ಊಟ ಮಾಡಿ.